ಪಿನ್ ತೆಗೀಲಾ ಸಾರ್, ಬಿಡಲಾ?

1994ರ ಮಳೆಗಾಲ. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಬ್ಯಾಗ್ ಹೊರುವ ಕ್ಯಾಡಿ ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಮೆಂಬರ್ ಒಬ್ಬರು ಮೂವತ್ತು ಅಡಿ ದೂರದಿಂದ ಪಟ್ ಹೊಡೆಯಲು ನಿಂತಿದ್ದರು. ನಾನು ಹೋಲ್ ಪಕ್ಕದಲ್ಲಿ ಬಾವುಟದ ಕೋಲು ಹಿಡಿದು ನಿಂತಿದ್ದೆ. ಅದಕ್ಕೆ ನಾವು ಪಿನ್ ಅಂತೀವಿ. ಚೆಂಡು ಹೊರಟಿತು, ನಾನು ಪಿನ್ ಎತ್ತಿದೆ. ಬರಲಿಲ್ಲ. ಮಳೆಗೆ ಮರಳು ಸೇರಿಕೊಂಡು ತಳದ ಕಪ್ಪಿನಲ್ಲಿ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಜಗ್ಗುವಷ್ಟರಲ್ಲಿ ಚೆಂಡು ಬಂದು ‘ಟಕ್’ ಅಂತ ಪಿನ್ನಿಗೆ ಬಡಿದು ಹೋಲ್ ಒಳಗೆ ಬಿತ್ತು.

ಆಟ ಗೊತ್ತಿಲ್ಲದವರು ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಆಗಿನ ನಿಯಮದ ಪ್ರಕಾರ ಅದಕ್ಕೆ ಎರಡು ಏಟಿನ ದಂಡ. ಆ ಸಾಹೇಬರು ಬಾಯಿಬಿಡದೆ ಜೇಬಿನಿಂದ ಕಾರ್ಡ್ ತೆಗೆದು ಎರಡು ಸೇರಿಸಿ ಬರೆದುಕೊಂಡರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಅವತ್ತು ಸಂಜೆ ಹಿರಿಯ ಕ್ಯಾಡಿಯೊಬ್ಬರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಪಿನ್ ಹಿಡಿದ ತಕ್ಷಣ ಒಮ್ಮೆ ತಿರುವಿ ಸಡಿಲ ಮಾಡಿಕೋ. ಬಾವುಟದ ಬಟ್ಟೆ ಗಾಳಿಗೆ ಪಟಪಟ ಅನ್ನದ ಹಾಗೆ ಕೋಲಿಗೇ ಒತ್ತಿ ಹಿಡಿ. ನಿನ್ನ ನೆರಳು ಚೆಂಡಿನ ದಾರಿಗೆ ಬೀಳಬಾರದು. ಇನ್ನೊಬ್ಬರ ಚೆಂಡು ಉರುಳುವ ಲೈನ್ ಮೇಲೆ ಕಾಲಿಡಬೇಡ. ಆಮೇಲೆ ಇಪ್ಪತ್ತೈದು ವರ್ಷ ಇದೇ ನನ್ನ ವಿದ್ಯೆ. 2019ರ ಜನವರಿ 1ರಂದು ಆ ವಿದ್ಯೆಯಲ್ಲಿ ಅರ್ಧ ಯಾರಿಗೂ ಬೇಡವಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೋಲ್ ಎಲ್ಲಿದೆ ಅಂತ ದೂರದಿಂದ ಕಾಣಲಿ ಎಂದೇ ಅದರಲ್ಲಿ ಬಾವುಟ ನೆಟ್ಟಿರುತ್ತಾರೆ. ಹೋಲ್ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗವೇ ಗ್ರೀನ್. ಅಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸುವುದು ಪಟ್. ಗ್ರೀನ್ ಹೊರಗಿನಿಂದ ಹೊಡೆದ ಚೆಂಡು ಯಾರೂ ಹಿಡಿಯದ ಪಿನ್ನಿಗೆ ತಗುಲಿದರೆ ತಪ್ಪಿರಲಿಲ್ಲ. ಗ್ರೀನ್ ಮೇಲಿಂದ ಹೊಡೆದದ್ದು ತಗುಲಿದರೆ ದಂಡವಿತ್ತು. ಗಾಲ್ಫ್ ನಿಯಮ ಬರೆಯುವ ಎರಡು ಸಂಸ್ಥೆಗಳು, ಸ್ಕಾಟ್ಲೆಂಡ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ, 2019ರಲ್ಲಿ ಇಡೀ ನಿಯಮಪುಸ್ತಕವನ್ನೇ ತಿದ್ದಿದಾಗ ಆ ದಂಡವನ್ನು ತೆಗೆದುಹಾಕಿದವು. ಪಟ್ ಮಾಡುವಾಗ ಪಿನ್ ಇದ್ದರೂ ಸರಿ, ತೆಗೆದರೂ ಸರಿ. ಅವರ ಮುಖ್ಯ ಉದ್ದೇಶ ಸಮಯ ಉಳಿಸುವುದು. ಕ್ಯಾಡಿ ಇಲ್ಲದೆ ನಾಲ್ಕು ಜನ ಆಡುವಾಗ ಒಬ್ಬ ಪಿನ್ ತೆಗೆ ಅನ್ನುತ್ತಾನೆ, ಇನ್ನೊಬ್ಬ ಇಡು ಅನ್ನುತ್ತಾನೆ. ಹದಿನೆಂಟು ಹೋಲ್‌ಗೂ ಇದೇ ನಡೆದರೆ ಹೊತ್ತು ಮುಳುಗುತ್ತದೆ.

ಆದರೆ ಆಟಗಾರ ಸಮಯದ ಲೆಕ್ಕ ಹಾಕುವವನಲ್ಲ, ಏಟಿನ ಲೆಕ್ಕ ಹಾಕುವವನು. ನಿಯಮ ಬಂದ ವಾರವೇ ಎಲ್ಲರೂ ನನ್ನನ್ನು ಕೇಳತೊಡಗಿದರು: “ಏನಪ್ಪ, ಪಿನ್ ಇದ್ದರೆ ಲಾಭವೋ ನಷ್ಟವೋ?”

ನನಗೂ ಗೊತ್ತಿರಲಿಲ್ಲ. ಆಗ ಎಂಜಿನಿಯರಿಂಗ್ ಓದುತ್ತಿದ್ದ ಮಗಳನ್ನು ಕೇಳಿದೆ. ಅವಳು ಒಂದು ಹಾಳೆ ತಂದು ಹೋಲ್ ಬರೆದಳು. ಹೋಲ್‌ನ ಅಗಲ 108 ಮಿಲಿಮೀಟರ್. ಚೆಂಡು ಸುಮಾರು 43. ಪಿನ್ ದಪ್ಪ ಅರ್ಧ ಇಂಚು, ಅಂದರೆ 13. “ಅಪ್ಪಾ, ಪಿನ್ ನೆಟ್ಟಗಿದ್ದರೆ ಒಂದೊಂದು ಪಕ್ಕಕ್ಕೂ 47 ಮಿಲಿಮೀಟರ್ ಜಾಗ ಉಳಿಯುತ್ತೆ. ಚೆಂಡು ಹಿಡಿಸಿ ನಾಲ್ಕು ಮಿಲಿಮೀಟರ್ ಮಿಗುತ್ತೆ, ಅಷ್ಟೇ.” ಪಿನ್ ಆಟಗಾರನ ಕಡೆಗೆ ಒಂಚೂರು ವಾಲಿದರೂ ಆ ನಾಲ್ಕು ಮಿಲಿಮೀಟರ್ ಹೋಯಿತು, ಚೆಂಡು ನಡುವೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಚೆಂಡಿನ ಸ್ವಲ್ಪ ಭಾಗವಾದರೂ ಹುಲ್ಲಿನ ಮಟ್ಟಕ್ಕಿಂತ ಕೆಳಗಿದ್ದರೆ ಹೊಸ ನಿಯಮದಲ್ಲಿ ಅದು ಹೋಲ್ ಆದಂತೆಯೇ.

ಮುಂದಿನದನ್ನು ಅವಳು ಕೇರಂ ಬೋರ್ಡಿನ ಮೇಲೆ ತೋರಿಸಿದಳು. ಸ್ಟ್ರೈಕರ್ ಕಾಯಿಯ ನಟ್ಟನಡುವಿಗೆ ಬಿದ್ದರೆ ಅದರ ವೇಗ ಅಲ್ಲೇ ಬಹಳಷ್ಟು ಇಳಿಯುತ್ತದೆ. ಅಂಚು ಸವರಿದರೆ ವೇಗ ಹೆಚ್ಚು ಕಮ್ಮಿ ಹಾಗೇ ಉಳಿದು ದಾರಿ ಮಾತ್ರ ಓರೆಯಾಗುತ್ತದೆ. ಪಿನ್ನೂ ಹಾಗೆಯೇ. ಚೆಂಡು ನಡುಮಧ್ಯಕ್ಕೆ ಬಡಿದರೆ ಪಿನ್ ಗೋಡೆಯಂತೆ ತಡೆದು ಕೆಳಗೆ ಬೀಳಿಸುತ್ತದೆ. ಓರೆಯಾಗಿ ತಗುಲಿದರೆ ಹೋಲ್‌ಗೆ ಬೀಳಬಹುದಾಗಿದ್ದ ಚೆಂಡನ್ನೂ ಪಕ್ಕಕ್ಕೆ ತಳ್ಳಿ ಅಂಚಿನ ಮೇಲೆ ಸುತ್ತಿಸಿ ಹೊರಗೆ ಕಳಿಸಬಹುದು. ಇನ್ನೊಂದು ವಿಷಯ: 108 ಮಿಲಿಮೀಟರ್ ಅಗಲದಲ್ಲಿ ಪಿನ್ನಿಗೆ ತಗಲುವುದು ನಡುವಿನ 56ರಷ್ಟರಲ್ಲಿ ಬಂದ ಚೆಂಡು ಮಾತ್ರ. ಅದಕ್ಕಿಂತ ಆಚೆಯಿಂದ ಬಂದದ್ದು ಪಿನ್ನನ್ನು ಮುಟ್ಟುವುದೇ ಇಲ್ಲ. ಅದು ಬೀಳುವುದೂ ಬಿಡುವುದೂ ಅದರ ವೇಗಕ್ಕೆ ಬಿಟ್ಟದ್ದು.

ಎಷ್ಟು ವೇಗದ ಚೆಂಡು ಪಿನ್ ಇಲ್ಲದೆಯೂ ಬೀಳುತ್ತದೆ? ಬ್ರಯನ್ ಹೋಮ್ಸ್ ಎಂಬ ಭೌತಶಾಸ್ತ್ರಜ್ಞರು 1991ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದರ ಲೆಕ್ಕ ಬರೆದಿದ್ದಾರೆ. ಸರಿಯಾಗಿ ನಡುವೆ ಬಂದ ಚೆಂಡು ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದವರೆಗೂ ಬೀಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ಸರಿದಷ್ಟೂ ಆ ಮಿತಿ ಇಳಿಯುತ್ತದೆ. 1.6 ಅಂದರೆ ನನಗೇನೂ ಅರ್ಥವಾಗಲಿಲ್ಲ. ಮಗಳು ಲೆಕ್ಕ ಹಾಕಿ ನನ್ನ ಭಾಷೆಗೆ ತಂದಳು: ಸಾಧಾರಣ ವೇಗದ ಗ್ರೀನ್‌ನಲ್ಲಿ, ಹೋಲ್ ಅಡ್ಡ ಬಾರದಿದ್ದರೆ ಎಂಟು ಅಡಿ ಮುಂದೆ ಹೋಗಿ ನಿಲ್ಲುವಷ್ಟು ಜೋರು. ಅಷ್ಟು ಜೋರಾಗಿ ಬಂದದ್ದೂ ನಡುವಿದ್ದರೆ ಬೀಳುತ್ತದೆ ಅಂದಮೇಲೆ, ಹದವಾಗಿ ಹೊಡೆದವನಿಗೆ ಪಿನ್ನಿನ ಹಂಗೇಕೆ?

ಪಂಡಿತರಲ್ಲೂ ಒಮ್ಮತವಿಲ್ಲ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಗಾಲ್ಫ್ ಗುರುವಾದ ಡೇವ್ ಪೆಲ್ಜ್ 1990ರಲ್ಲೇ ಪ್ರಯೋಗ ಮಾಡಿ, ನಿಯಮ ಬಿಡುವ ಕಡೆಯೆಲ್ಲ ಪಿನ್ ಒಳಗೇ ಇರಲಿ ಎಂದರು. ಆಗ ಆ ಮಾತು ಉಪಯೋಗಕ್ಕೆ ಬರುತ್ತಿದ್ದದ್ದು ಗ್ರೀನ್ ಹೊರಗಿನಿಂದ ಹೊಡೆಯುವ ಚೆಂಡಿಗೆ ಮಾತ್ರ. ನಿಯಮ ಬದಲಾದ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಟಾಮ್ ಮೇಸ್ ಮತ್ತೆ ಪರೀಕ್ಷಿಸಿದರು. ಪಿನ್ನಿನ ಮಧ್ಯಕ್ಕೇ ಬಡಿಯುವ ಚೆಂಡಿಗೆ ಅದು ಸಹಾಯ, ಓರೆಯಾಗಿ ಬಡಿಯುವುದಕ್ಕೆ ಅಡ್ಡಿ, ಆದ್ದರಿಂದ ತೆಗೆಯುವುದೇ ಮೇಲು ಎಂಬುದು ಅವರ ಅಭಿಪ್ರಾಯ. ಕೇರಂ ಬೋರ್ಡಿನ ಮೇಲೆ ಮಗಳು ತೋರಿಸಿದ್ದೂ ಅದನ್ನೇ.

ಹೊಸ ನಿಯಮ ಬಂದ ಮೊದಲ ವಾರವೇ ಹವಾಯಿಯ ಕಪಲುವಾದಲ್ಲಿ ಬ್ರೈಸನ್ ಡಿಶಾಂಬೋ ಪಿನ್ ತೆಗೆಸದೆ ಪಟ್ ಮಾಡಿದರು. ಭೌತಶಾಸ್ತ್ರ ಓದಿದ ಆಟಗಾರ ಅವರು. ಪಿನ್ ಯಾವುದರಿಂದ ಮಾಡಿದ್ದು, ಚೆಂಡು ಬಡಿದಾಗ ಎಷ್ಟು ಹಿಂದಕ್ಕೆ ಪುಟಿಯುತ್ತದೆ ಅನ್ನುವುದನ್ನೂ ಎಣಿಸುತ್ತಿದ್ದರು. ಫೈಬರ್‌ಗ್ಲಾಸ್ ಪಿನ್ ಮೆತ್ತಗೆ ಬಾಗಿ ಏಟು ತಿನ್ನುತ್ತದೆ. ದಪ್ಪ ಲೋಹದ್ದು ಚೆಂಡನ್ನು ಎಗರಿಸುತ್ತದೆ. ಆಸ್ಟ್ರೇಲಿಯಾದ ಆಡಮ್ ಸ್ಕಾಟ್ ಕೂಡ ಆ ವರ್ಷ ಪಿನ್ ಬಿಟ್ಟೇ ಆಡಿದರು. ಉಳಿದ ಬಹುತೇಕ ವೃತ್ತಿಪರರು ಈಗಲೂ ಹತ್ತಿರದ ಪಟ್‌ಗೆ ತೆಗೆಸುತ್ತಾರೆ. ಕಣ್ಣಿಗೆ ಖಾಲಿ ಹೋಲ್ ಕಾಣಬೇಕು ಅನ್ನುವುದು ಅವರ ಹಟ.

ಈ ಕಣ್ಣಿನ ವಿಷಯ ಪುಸ್ತಕದಲ್ಲಿ ಸಿಗುವುದಿಲ್ಲ, ಗ್ರೀನ್ ಮೇಲೆ ಸಿಗುತ್ತದೆ. ಪಿನ್ ಇದ್ದರೆ ಕೆಲವರಿಗೆ ಧೈರ್ಯ. ಇಳಿಜಾರಿನ ಪಟ್, ತಪ್ಪಿದರೆ ಹತ್ತು ಅಡಿ ಕೆಳಕ್ಕೆ ಜಾರುವ ಭಯ. ಹಿಂದೊಂದು ಕಂಬವಿದೆ ಅನ್ನಿಸಿದಾಗ ಕೈ ನಡುಗುವುದಿಲ್ಲ. ಇನ್ನು ಕೆಲವರು ಅದೇ ಧೈರ್ಯದಲ್ಲಿ ಕೆಡುತ್ತಾರೆ. ಪಿನ್ ತಡೆಯುತ್ತದೆ ಎಂದು ಜೋರಾಗಿ ಹೊಡೆಯುತ್ತಾರೆ. ಎರಡು ಇಂಚು ಪಕ್ಕಕ್ಕೆ ಹೋದ ಚೆಂಡು ಪಿನ್ನನ್ನು ನೋಡದೆಯೇ ದಾಟಿ, ವಾಪಸು ಹೊಡೆಯಲು ಆರಡಿ ಉಳಿಸುತ್ತದೆ. ಆಗ ಅವರು ಪಿನ್ ಕಡೆ ನೋಡುವ ನೋಟವಿದೆಯಲ್ಲ, ಸಾಲ ಕೊಡುತ್ತೇನೆಂದು ಮಾತು ತಪ್ಪಿದ ನೆಂಟನನ್ನು ನೋಡುವ ಹಾಗೆ.

2020ರಲ್ಲಿ ಕೊರೊನಾ ಬಂದು ಕೆಲವು ತಿಂಗಳು ನಮಗೆ ಕೆಲಸವೇ ಇರಲಿಲ್ಲ. ಮೈದಾನ ತೆರೆದಾಗ ಪಿನ್ ಮುಟ್ಟುವಂತಿರಲಿಲ್ಲ. ಹೋಲ್ ಒಳಗೆ ಕೈ ಹಾಕದಿರಲೆಂದು ಸ್ಪಂಜಿನ ತುಂಡು ಇಟ್ಟಿದ್ದರು. ಪಿನ್ ತೆಗೆದೇ ಆಡುತ್ತೇನೆ ಎಂದು ಹಟ ಮಾಡುತ್ತಿದ್ದವರೂ ಪಿನ್ ಇಟ್ಟುಕೊಂಡೇ ಆಡಿದರು. ನಾನು ಗಮನಿಸಿದ ಮಟ್ಟಿಗೆ ಚೆನ್ನಾಗಿ ಪಟ್ ಮಾಡುವವರು ಆಗಲೂ ಚೆನ್ನಾಗಿಯೇ ಮಾಡಿದರು. ಉಳಿದವರೂ ಮೊದಲಿನಂತೆಯೇ.

2021ರ ಆಗಸ್ಟ್‌ನಲ್ಲಿ ಕ್ಯಾಡಿಗಳೆಲ್ಲ ಒಂದೇ ಮೊಬೈಲ್ ಸುತ್ತ ಕೂತು ಟೋಕಿಯೊ ಒಲಿಂಪಿಕ್ಸ್ ನೋಡಿದೆವು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್, ಬ್ಯಾಗ್ ಹೊತ್ತವರು ಆಕೆಯ ತಾಯಿ. ಜೊತೆಗಿದ್ದವರು ದೂರ ಹೊಡೆಯುತ್ತಿದ್ದರು, ಈಕೆ ಪಟ್‌ನಲ್ಲಿ ಸರಿದೂಗಿಸುತ್ತಿದ್ದಳು. ಒಂದೇ ಏಟಿನ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಅವಳ ಚೆಂಡು ಹೋಲ್ ಹತ್ತಿರ ಬರುವಾಗ ಓಡುತ್ತಿರಲಿಲ್ಲ, ನಡೆದುಕೊಂಡು ಬರುತ್ತಿತ್ತು. ಹಾಗೆ ಬರುವ ಚೆಂಡಿಗೆ ಹೋಲ್‌ನ ಪೂರ್ತಿ ಅಗಲವೂ ಬಾಗಿಲೇ.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಚಿಕ್ಕದು. ಉದ್ದದ ಪಟ್ ಆದರೆ ಇರಲಿ, ದೂರದ ಅಂದಾಜಿಗೆ ಒಳ್ಳೆಯದು. ಕಡಿದಾದ ಇಳಿಜಾರಾದರೆ ಇರಲಿ. ವಾಲಿದ್ದರೆ ನೆಟ್ಟಗೆ ಮಾಡಿಸಿ, ಅದಕ್ಕೆ ನಿಯಮ ಒಪ್ಪುತ್ತದೆ. ಗಾಳಿಗೆ ಅಲ್ಲಾಡುತ್ತಿದ್ದರೆ ತೆಗೆಯಿರಿ. ಆರಡಿ ಒಳಗಾದರೆ ನಿಮ್ಮ ಮನಸ್ಸಿಗೆ ಬಂದಂತೆ. ಒಂದೇ ಮಾತು, ಹೊಡೆಯುವ ಮೊದಲೇ ತೀರ್ಮಾನಿಸಿ. ಬಿಡಿ ಅಂದಮೇಲೆ ಚೆಂಡು ಉರುಳುವಾಗ ಪಿನ್ ಕಿತ್ತು ಅದಕ್ಕೆ ದಾರಿ ಮಾಡಿಕೊಡುವಂತಿಲ್ಲ.

ಮೊನ್ನೆ ಹೊಸ ಹುಡುಗನೊಬ್ಬ ಕೆಲಸಕ್ಕೆ ಬಂದ. ಪಿನ್ ಹಿಡಿಯೋದು ಕಲಿಸಿ ಅಣ್ಣ ಎಂದ. ಈಗ ಅದನ್ನು ಯಾರು ಕೇಳುತ್ತಾರೋ ಅಂದುಕೊಂಡೇ ಗ್ರೀನ್‌ಗೆ ಕರೆದೊಯ್ದೆ. ಹಿಂದಿನ ದಿನ ಮಳೆ ಬಂದಿತ್ತು. “ಮೊದಲು ತಿರುವಿ ಸಡಿಲ ಮಾಡ್ಕೋ” ಎಂದೆ. ಅವನು ತಿರುವಿದ, ಬರಲಿಲ್ಲ. ಇಬ್ಬರೂ ಸೇರಿ ಜಗ್ಗಿದೆವು.