ಕಡ್ಡಿಯಲ್ಲಿ ಅಡಗಿದ ಜಲಜನಕ

ಚಿಂತಾಮಣಿ ತಾಲ್ಲೂಕಿನ ಕೈವಾರದ ಆಸುಪಾಸಿನಲ್ಲಿ ರೇಷ್ಮೆ ಬೇಸಾಯ ಬಹಳ ಹಿಂದಿನಿಂದ ನಡೆದುಬಂದಿದೆ. ಹುಳುಗಳು ಸೊಪ್ಪನ್ನು ತಿಂದು ಮುಗಿಸಿದ ಮೇಲೆ ಹಿಪ್ಪುನೇರಳೆಯ ಕಡ್ಡಿಗಳು ಉಳಿಯುತ್ತವೆ. ಅವು ಒಲೆಗೋ ತಿಪ್ಪೆಗೋ ಸೇರುತ್ತವೆ. ಇಂತಹ ಕಸದಿಂದ ಲಾರಿ, ಬಸ್ಸುಗಳನ್ನು ಓಡಿಸಬಹುದೆಂದರೆ ವಾಚಕರು ನಕ್ಕಾರು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಸ್. ದಾಸಪ್ಪನವರೂ ಅವರ ಸಂಗಡಿಗರೂ ಸಸ್ಯತ್ಯಾಜ್ಯದಿಂದ ಶುದ್ಧ ಜಲಜನಕವನ್ನು ಪಡೆಯುವ ವಿಧಾನವೊಂದನ್ನು ರೂಪಿಸಿದ್ದಾರೆಂದು 2022ರಲ್ಲಿ ಆ ಸಂಸ್ಥೆಯು ತಿಳಿಸಿತು. ಈ ಜಲಜನಕವನ್ನು ಬಸ್ಸುಗಳಿಗೆ ಬಳಸುವ ಉದ್ದೇಶದಿಂದ ಇಂಡಿಯನ್ ಆಯಿಲ್ ಸಂಸ್ಥೆಯೂ ಅವರೊಡನೆ ಕೈಜೋಡಿಸಿತು.

ಒಂದು ಕಿಲೋಗ್ರಾಂ ಸಸ್ಯತ್ಯಾಜ್ಯದಲ್ಲಿರುವ ಜಲಜನಕ ಸುಮಾರು 60 ಗ್ರಾಂ ಮಾತ್ರ. ಈ ವಿಧಾನದಲ್ಲಿ ದೊರೆಯುವುದಾದರೋ 100 ಗ್ರಾಂ! ಇಲ್ಲದುದು ಎಲ್ಲಿಂದ ಬಂದಿತು? ಉತ್ತರವು ಹಬೆಯಲ್ಲಿದೆ. ತ್ಯಾಜ್ಯವನ್ನು ಮಿತವಾದ ಆಮ್ಲಜನಕದಲ್ಲಿ, ಹಬೆಯೊಡನೆ ಕಾಯಿಸುತ್ತಾರೆ. ಕೆಂಪಗೆ ಕಾದ ಇಂಗಾಲವು ಹಬೆಯಲ್ಲಿರುವ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಜೊತೆಗಾರನನ್ನು ಕಳೆದುಕೊಂಡ ಜಲಜನಕವು ಅನಿಲರೂಪದಲ್ಲಿ ಹೊರಬರುತ್ತದೆ. ಹೀಗೆ ನೀರಿನ ಜಲಜನಕವೂ ಸಸ್ಯದ ಜಲಜನಕದೊಡನೆ ಕೂಡುತ್ತದೆ. ಅನಂತರ ಈ ಮಿಶ್ರಣದಿಂದ ಜಲಜನಕವನ್ನು ಬೇರ್ಪಡಿಸುತ್ತಾರೆ.

ಪಡೆದುದನ್ನು ಕೂಡಿಡುವುದು ಇನ್ನೂ ಕಠಿಣ. ಒಂದು ಕಿಲೋಗ್ರಾಂ ಜಲಜನಕವು ಅಷ್ಟೇ ತೂಕದ ಡೀಸೆಲಿಗಿಂತ ಹೆಚ್ಚುಕಡಮೆ ಮೂರರಷ್ಟು ಶಕ್ತಿಯನ್ನು ಕೊಡುತ್ತದೆ. ಆದರೆ ಸಾಧಾರಣ ಒತ್ತಡದಲ್ಲಿ ಸುಮಾರು 12 ಘನಮೀಟರ್ ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಬಸ್ಸುಗಳಲ್ಲಿ ಅದನ್ನು ವಾತಾವರಣದ ಒತ್ತಡದ ಸುಮಾರು 350 ರಷ್ಟಕ್ಕೆ ಅದುಮಿ, ಗಟ್ಟಿಯಾದ ಸಿಲಿಂಡರುಗಳಲ್ಲಿ ತುಂಬುತ್ತಾರೆ. ಅದರ ಅಣು ಅತಿ ಸಣ್ಣದು. ಕಿರಿಯ ಸಂದಿನಲ್ಲಿಯೂ ಸೋರುತ್ತದೆ, ಕೆಲವು ಬಗೆಯ ಉಕ್ಕನ್ನು ಹೊಕ್ಕು ಪೆಡಸು ಮಾಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಹಗಲಿನಲ್ಲಿ ಅದರ ಜ್ವಾಲೆಯೂ ಕಾಣದು. ಆದಕಾರಣ ಎಂಜಿನಿನೊಡನೆ ತೊಟ್ಟಿ, ಕೊಳವೆ, ಕವಾಟಗಳನ್ನೂ ಸೋರಿಕೆಯನ್ನು ಗುರುತಿಸುವ ಉಪಕರಣಗಳನ್ನೂ ದೀರ್ಘಕಾಲ ಪರೀಕ್ಷಿಸಬೇಕಾಗುತ್ತದೆ.

ನಮ್ಮ ಸೀಮೆಯ ಮಟ್ಟಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ವಿದ್ಯುತ್ತಿನಿಂದ ನೀರನ್ನು ಒಡೆದು ಒಂದು ಕಿಲೋಗ್ರಾಂ ಜಲಜನಕ ಪಡೆಯಲು ಕನಿಷ್ಠ 9 ಲೀಟರ್ ಶುದ್ಧ ನೀರು ಬೇಕು. ಮೇಲಿನ ವಿಧಾನದಲ್ಲಿ ನೀರಿನಿಂದ ಬರಬೇಕಾದುದು ನೂರರಲ್ಲಿ 40 ಪಾಲು. ಲೆಕ್ಕದಂತೆ ಅದಕ್ಕೆ ಸುಮಾರು 3.6 ಲೀಟರ್ ಸಾಕು. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಸಿಗದ ಊರುಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆದರೂ ಅಷ್ಟು ಜಲಜನಕಕ್ಕೆ ಹತ್ತು ಕಿಲೋಗ್ರಾಂ ಒಣತ್ಯಾಜ್ಯ ಬೇಕೆಂಬುದನ್ನು ಮರೆಯಲಾಗದು. ರಾಗಿಹುಲ್ಲು ದನದ ಮೇವು, ತಿಪ್ಪೆಗೆ ಬಿದ್ದ ಕಡ್ಡಿ ಹೊಲದ ಗೊಬ್ಬರ. ದನಕ್ಕೂ ಮಣ್ಣಿಗೂ ಸಲ್ಲಬೇಕಾದುದನ್ನು ಸಲ್ಲಿಸಿ, ಉಳಿದುದನ್ನು ಮಾತ್ರ ಯಂತ್ರಕ್ಕೆ ಕೊಟ್ಟರೆ ರೈತನಿಗೆ ನಷ್ಟವಿಲ್ಲ.