ಅರಿಯಲೂರಿನ ನೆಲದೊಳಗಿನ ಕಡಲು

ಅರಿಯಲೂರು ಎಂದೊಡನೆ ಹಿರಿಯ ವಾಚಕರಿಗೆ 1956ರ ನವೆಂಬರ್ ತಿಂಗಳ ಘೋರ ರೈಲು ಅಪಘಾತವೂ, ಅದರ ಹೊಣೆ ಹೊತ್ತು ಲಾಲ್ ಬಹಾದೂರ್ ಶಾಸ್ತ್ರಿಗಳು ಮಂತ್ರಿಪದವಿಯನ್ನು ತ್ಯಜಿಸಿದುದೂ ನೆನಪಾಗುವುದು ಸಹಜ. ಚೆನ್ನೈಯಿಂದ ತಿರುಚಿರಾಪಳ್ಳಿಗೆ ಪ್ರಯಾಣ ಮಾಡುವ ನಮ್ಮ ಬಂಧುಗಳು ಆ ನಿಲ್ದಾಣವನ್ನು ನಿದ್ದೆಯಲ್ಲಿಯೇ ದಾಟುವರು. ಅವರು ದಾಟುತ್ತಿರುವುದು ಪುರಾತನ ಸಮುದ್ರವೊಂದರ ತಳವನ್ನು.

ಇಂದು ಕಡಲು ಅಲ್ಲಿಂದ ಹತ್ತಾರು ಮೈಲಿ ದೂರದಲ್ಲಿದೆ. 10 ಕೋಟಿ ವರ್ಷಗಳಿಗೂ ಹಿಂದೆ ಅದು ಒಳನುಗ್ಗಿ, ಹಲವು ಸಲ ಏರಿ ಇಳಿದು, ಮರಳು, ಕೆಸರು, ಚಿಪ್ಪುಗಳನ್ನು ಪದರಪದರವಾಗಿ ಹಾಸಿಹೋಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲ್ಯಾನ್‌ಫೋರ್ಡರು 1862ರಲ್ಲಿ ಈ ಶಿಲೆಗಳನ್ನು ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ವರ್ಗವಾಗಿ ವಿಂಗಡಿಸಿದರು. ಅವುಗಳೊಳಗಿನ ಜೀವಿಗಳನ್ನು ವರ್ಣಿಸಿದವರಲ್ಲಿ ಮುಖ್ಯರು ಮೊರಾವಿಯ ದೇಶದಿಂದ ಬಂದ ಸ್ಟೋಲಿಚ್ಕರು. ಆ ಮಹಾನುಭಾವರು 1874ರಲ್ಲಿ, ಕೇವಲ 36ನೆಯ ವಯಸ್ಸಿನಲ್ಲಿ, ಯಾರ್ಕಂದದಿಂದ ಹಿಂದಿರುಗುವಾಗ ಲಡಾಖಿನಲ್ಲಿ ತೀರಿಕೊಂಡರು.

ಅಲ್ಲಿ ದೊರೆಯುವುವುಗಳಲ್ಲಿ ಸುರುಳಿ ಚಿಪ್ಪಿನ ಅಮೋನೈಟ್ ಎಂಬ ಜೀವಿಯ ಅವಶೇಷವೇ ಪ್ರಸಿದ್ಧವಾದುದು. ಗಂಡಕೀ ನದಿಯ ಸಾಲಿಗ್ರಾಮದಲ್ಲಿ ಕಾಣುವ ಚಕ್ರವೂ ಇದೇ ಕುಲದ್ದು. ಇದರಿಂದ ದೇವರ ಪೆಟ್ಟಿಗೆಗೆ ಯಾವ ಕುಂದೂ ಇಲ್ಲವೆಂದು ನಮ್ಮ ಅಭಿಪ್ರಾಯ. ಸಾತ್ತನೂರಿನಲ್ಲಿ, ಕಡಲಿಗೆ ತೇಲಿಬಂದು ಹೂತು ಕಲ್ಲಾದ 18 ಮೀಟರ್ ಉದ್ದದ ಮರದ ಕಾಂಡವೊಂದಿದೆ. 1940ರಲ್ಲಿ ಅದನ್ನು ಗುರುತಿಸಿದವರು ಎಂ. ಎಸ್. ಕೃಷ್ಣನ್ ಅವರು.

ಕಲ್ಲಂಕುರಿಚ್ಚಿಯ ಸುಣ್ಣಕಲ್ಲಿನ ಕಥೆಯೇ ಬೇರೆ. ಅಲ್ಲಿ ಸಿಂಪಿಯ ಚಿಪ್ಪುಗಳು ಒತ್ತೊತ್ತಾಗಿ ಕೂಡಿ ಬಂಡೆಯೇ ಆಗಿವೆ. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ವೀಳ್ಯಕ್ಕೂ ಗೋಡೆಗೂ ಸುಣ್ಣ ಮಾಡುತ್ತಿದ್ದುದನ್ನು ಬಲ್ಲವರಿಗೆ ಇಂಥ ಕಲ್ಲಿನ ಬೆಲೆ ಹೇಳಬೇಕಾದುದಿಲ್ಲ. ಅರಿಯಲೂರಿನ ಸುತ್ತ ಸಿಮೆಂಟು ಕಾರ್ಖಾನೆಗಳು ನೆಲೆಸಿರುವುದು ಇದಕ್ಕಾಗಿಯೇ. ಕೋಟ್ಯಂತರ ವರ್ಷ ಉಳಿದ ಚಿಪ್ಪು ಗೂಡುಬೆಂಕಿಯಲ್ಲಿ ಕೆಲವು ಗಂಟೆಗಳಲ್ಲಿ ಪುಡಿಯಾಗುತ್ತದೆ.

ಸಿಮೆಂಟು ಬೇಡವೆನ್ನಲು ನಮಗೆ ಬಾಯಿಲ್ಲ. ನಮ್ಮ ತಲೆಯ ಮೇಲಿನ ಸೂರೂ ಅದರದೇ. ಗಣಿ ಅಗೆದುದರಿಂದಲೇ ಎಷ್ಟೋ ಪದರಗಳು ಕಣ್ಣಿಗೆ ಬಿದ್ದುವೆಂಬುದೂ ನಿಜ. ಆದರೆ ಪ್ರತಿಯೊಂದು ಗಣಿಯಲ್ಲಿಯೂ ಗೋಡೆಯಷ್ಟು ಭಾಗವನ್ನಾದರೂ ಕಡಿಯದೆ ಉಳಿಸಬಾರದೇಕೆ? ಸಿಡಿಮದ್ದು ಇಡುವ ಮುನ್ನ ವಿದ್ಯಾರ್ಥಿಗಳಿಗೆ ಒಂದು ದಿನ ಆಯ್ದುಕೊಳ್ಳಲು ಬಿಡಬಾರದೇಕೆ? ಸಾತ್ತನೂರಿನ ಮರಕ್ಕೆ ರಾಷ್ಟ್ರೀಯ ಸ್ಮಾರಕದ ಮರ್ಯಾದೆ ಸಂದಿದೆ. ಸಿಂಪಿಗೆ ಆ ಭಾಗ್ಯವಿಲ್ಲ.

ನೋಡಬಯಸುವವರು ಕಾರೈ ಗ್ರಾಮದ ಕೊರಕಲುಗಳಿಗೆ ಹೋಗಬಹುದು. ಮಳೆಗಾಲ ಕಳೆದೊಡನೆ ಮಣ್ಣು ಕೊಚ್ಚಿಹೋಗಿ ಹೊಸ ಅವಶೇಷಗಳು ಮೇಲೆ ಬಂದಿರುತ್ತವೆ. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು; ಅಲ್ಲಿ ನೆರಳಿಲ್ಲ.