ವಿಡಿಯೊ ನಮ್ಮದಲ್ಲ, ಲಿಂಕ್ ಮಾತ್ರ ನಮ್ಮದು!

ಪ್ರಶ್ನೆ: ಜಾಲತಾಣದಲ್ಲಿ ಅಶ್ಲೀಲ ವಿಡಿಯೊ ಇಲ್ಲ, ಅದರ ಲಿಂಕ್ ಮಾತ್ರ ಇದೆ. ಆದರೂ ಹೋಸ್ಟಿಂಗ್ ಕಂಪನಿ ತಾಣವನ್ನು ನಿಲ್ಲಿಸಬಹುದೇ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ನಿಲ್ಲಿಸಬಹುದು. ಅನೇಕ ಕಂಪನಿಗಳ ಕರಾರಿನಲ್ಲಿ ಲಿಂಕ್ ಕೊಡುವುದಕ್ಕೂ ನಿಷೇಧವಿರುತ್ತದೆ.

ಇದಕ್ಕೆ ಕಾನೂನಿನ ಹಿನ್ನೆಲೆಯಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 67ನೇ ಕಲಂ ಅಶ್ಲೀಲ ಸಾಮಗ್ರಿಯನ್ನು ಪ್ರಕಟಿಸುವವರನ್ನಷ್ಟೇ ಅಲ್ಲ, ಪ್ರಕಟವಾಗಲು ಕಾರಣರಾದವರನ್ನೂ ಹಿಡಿಯುತ್ತದೆ. ಮೊದಲ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ದೃಶ್ಯಗಳಾದರೆ 67ಬಿ ಕಲಂ ಇನ್ನೂ ಕಠಿಣ. ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅಪರಾಧ. ಸಾಹಿತ್ಯ, ಕಲೆ, ವಿಜ್ಞಾನದ ಉದ್ದೇಶಕ್ಕೆ 67ನೇ ಕಲಂನಿಂದ ವಿನಾಯಿತಿಯಿದೆ.

2004ರ ಬಾಝೀ ಡಾಟ್ ಕಾಮ್ ಪ್ರಕರಣ ಇದಕ್ಕೆ ಹತ್ತಿರದ್ದು. ಆ ಮಾರಾಟ ತಾಣದಲ್ಲಿದ್ದದ್ದು ಅಶ್ಲೀಲ ವಿಡಿಯೊ ಮಾರಾಟದ ಜಾಹೀರಾತು ಮಾತ್ರ. ವಿಡಿಯೊವನ್ನು ಮಾರುವವನು ಇ–ಮೇಲ್‌ನಲ್ಲಿ ಕಳಿಸುತ್ತಿದ್ದ. ಆದರೂ ಕಂಪನಿಯ ಮುಖ್ಯಸ್ಥರ ಬಂಧನವಾಯಿತು. ಕಂಪನಿಯನ್ನೇ ಆರೋಪಿಯಾಗಿಸದೆ ಅವರೊಬ್ಬರ ಮೇಲೆ ಮೊಕದ್ದಮೆ ನಡೆಯದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ಹೋಸ್ಟಿಂಗ್ ಕಂಪನಿ ಕಾನೂನಿನ ಪ್ರಕಾರ ‘ಮಧ್ಯವರ್ತಿ’. ಎಚ್ಚರಿಕೆ ವಹಿಸಿದರೆ ಮಾತ್ರ, ಬೇರೆಯವರು ಹಾಕಿದ ಸಾಮಗ್ರಿಯ ಹೊಣೆಯಿಂದ ಅದಕ್ಕೆ ಇದೇ ಕಾಯ್ದೆಯ 79ನೇ ಕಲಂನ ರಕ್ಷಣೆ. ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ತಪ್ಪುತ್ತದೆ ಎಂದು ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಲಿಂಕ್ ಹಾಕಿದವರು ತಾಣದ ಮಾಲೀಕರೇ ಆಗಿರಬೇಕೆಂದಿಲ್ಲ. ಹಿರಿಯೂರಿನ ಅಂಗಡಿಯದಾಗಲಿ, ಹೊಳಲ್ಕೆರೆಯ ಶಾಲೆಯದಾಗಲಿ, ಹಳೆಯ ಸಾಫ್ಟ್‌ವೇರ್ ಇರುವ ತಾಣಕ್ಕೆ ಕಳ್ಳರು ನುಗ್ಗಿ ಇಂಥ ಲಿಂಕ್ ಸೇರಿಸುವುದುಂಟು. ಹಾಗಾದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಲಿಂಕ್ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಕಂಪನಿಗೆ ತಿಳಿಸಬೇಕು. ನಂತರ ಚಿತ್ರದುರ್ಗದ ಸೈಬರ್ ಅಪರಾಧ ಠಾಣೆಗೆ ದೂರು ಕೊಡಬಹುದು.